ಕವಾಟದ ಸೋಂಕು: ಮೊದಲು ರಕ್ತ, ಆಮೇಲೆ ಔಷಧ

ಹೃದಯದ ಕವಾಟ, ಅಂದರೆ ವಾಲ್ವ್, ಕೆಟ್ಟಿರುವವರಿಗೆ ಬಂದ ಜ್ವರವನ್ನು ಉಳಿದವರ ಜ್ವರದ ಹಾಗೆ ನೋಡಬಾರದು. ಅದು ಕವಾಟಕ್ಕೇ ಅಂಟಿದ ಸೋಂಕಿನ ಜ್ವರ ಇರಬಹುದು, ವೈದ್ಯರು ಅದನ್ನು ಎಂಡೋಕಾರ್ಡೈಟಿಸ್ ಅನ್ನುತ್ತಾರೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಹಾಳಾದವರು, ವಾಲ್ವ್ ಬದಲಾಯಿಸಿಕೊಂಡವರು, ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಕುತ್ತಿಗೆಯ ಪೈಪಿನ ಮೂಲಕ ಡಯಾಲಿಸಿಸ್ ಮಾಡಿಸುತ್ತಿರುವವರು, ಹಿಂದೊಮ್ಮೆ ಇದೇ ಸೋಂಕು ಬಂದು ವಾಸಿಯಾದವರು, ಇವರಿಗೂ ಇವರ ಮನೆಯವರಿಗೂ ಈ ಬರಹ. ಊರಿನ ಕ್ಲಿನಿಕ್‌ಗಳ ವೈದ್ಯರಿಗೂ ನರ್ಸ್‌ಗಳಿಗೂ ಕೆಲವು ಭಾಗ ಉಪಯೋಗಕ್ಕೆ ಬಂದೀತು. ಇಲ್ಲಿ ಕೊಟ್ಟ ಡೋಸ್‌ಗಳು ಮೂತ್ರಪಿಂಡ ಸರಿಯಾಗಿರುವ ವಯಸ್ಕರ ಲೆಕ್ಕ. ನಡೆಯುತ್ತಿರುವ ಚಿಕಿತ್ಸೆ ಅರ್ಥವಾಗಲಿ ಎಂದು ಅವನ್ನು ಬರೆದಿದೆ, ಮನೆಯಲ್ಲಿ ತಾವೇ ಶುರುಮಾಡಿಕೊಳ್ಳಲಿ ಎಂದಲ್ಲ.

ಐದು ದಿನದ ಮಾತ್ರೆ ಏಕೆ ಸಾಲದು

ಹೃದಯದ ಒಳಗೋಡೆಗೆ ಎಂಡೋಕಾರ್ಡಿಯಂ ಎಂಬ ತೆಳುವಾದ ಹೊದಿಕೆ ಇದೆ. ಕವಾಟಗಳ ಮೇಲೂ ಅದೇ ಹೊದಿಕೆ. ಅದು ನುಣುಪಾಗಿರುವವರೆಗೆ ರಕ್ತದಲ್ಲಿ ತೇಲಿಬಂದ ಬ್ಯಾಕ್ಟೀರಿಯಾ ಸುಲಭಕ್ಕೆ ಅಂಟಿಕೊಳ್ಳುವುದಿಲ್ಲ. ಕವಾಟ ಒರಟಾಗಿ, ಸೋರುವ ರಕ್ತ ರಭಸದಿಂದ ಬಡಿಯತೊಡಗಿದರೆ ಆ ಜಾಗದಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಸೇರಿದ ಸಣ್ಣ ಹೆಪ್ಪು ಕೂರುತ್ತದೆ. ಒಸಡಿನಿಂದಲೋ ಚರ್ಮದಿಂದಲೋ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಅದರೊಳಗೆ ಮನೆ ಮಾಡುತ್ತವೆ, ಮೇಲೆ ಮತ್ತೆ ಹೆಪ್ಪು ಕಟ್ಟುತ್ತದೆ. ವೈದ್ಯರು ಇದನ್ನು ವೆಜಿಟೇಶನ್ ಅನ್ನುತ್ತಾರೆ. ಇಂಥ ಗಡ್ಡೆಯ ಒಂದೇ ಗ್ರಾಂನಲ್ಲಿ ನೂರು ಕೋಟಿಗೂ ಮೀರಿ ಬ್ಯಾಕ್ಟೀರಿಯಾ ಇರಬಹುದು. ಬಿಳಿ ರಕ್ತಕಣಗಳು ಅದರೊಳಗೆ ನುಗ್ಗಲಾರವು. ಆಳದಲ್ಲಿರುವ ಬ್ಯಾಕ್ಟೀರಿಯಾ ಬೆಳೆಯದೆ ಅರೆನಿದ್ದೆಯಲ್ಲಿರುತ್ತವೆ, ಹಾಗಾಗಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಗಳಿಗೆ ಬೇಗ ಸಿಗುವುದಿಲ್ಲ.

ಐದು ದಿನದ ಮಾತ್ರೆ ರಕ್ತದಲ್ಲಿ ತೇಲುವವನ್ನಷ್ಟೇ ಕೊಲ್ಲುತ್ತದೆ. ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ವಾರವೋ ಹತ್ತು ದಿನವೋ ಕಳೆದು ಗಡ್ಡೆಯಿಂದ ಮತ್ತೆ ಉದುರತೊಡಗುತ್ತವೆ, ಜ್ವರ ವಾಪಸು. ಆಗ ಬೇರೆ ಕ್ಲಿನಿಕ್, ಬೇರೆ ಮಾತ್ರೆ. ನಮ್ಮಲ್ಲಿ ಈ ಹಂತದಲ್ಲಿ ಸಾಮಾನ್ಯವಾಗಿ ವೈಡಾಲ್ ಪರೀಕ್ಷೆ ಮಾಡಿಸುತ್ತಾರೆ. ಅದು ಸ್ವಲ್ಪ ಪಾಸಿಟಿವ್ ಬಂದರೆ ಟೈಫಾಯ್ಡ್ ಎಂದು ಹೆಸರಿಟ್ಟು ಸೆಫ್ಟ್ರಿಯಾಕ್ಸೋನ್ ಚುಚ್ಚುತ್ತಾರೆ. ಒಂದೇ ಒಂದು ವೈಡಾಲ್ ನಂಬಿ ಟೈಫಾಯ್ಡ್ ಎನ್ನುವುದು ಹೇಗೂ ಸರಿಯಲ್ಲ. ಕವಾಟದ ರೋಗಿಗೆ ಅದರಿಂದ ಆಗುವ ಹಾನಿ ಎರಡು ಪಟ್ಟು: ಸೋಂಕು ವಾಸಿಯಾಗುವುದಿಲ್ಲ, ಯಾವ ಬ್ಯಾಕ್ಟೀರಿಯಾ ಎಂದು ಪತ್ತೆಮಾಡುವ ದಾರಿಯೂ ಮುಚ್ಚುತ್ತದೆ. ತೂಕ ಇಳಿದದ್ದನ್ನು ಕಂಡು ಕ್ಷಯದ ಮಾತ್ರೆ ಶುರುಮಾಡಿದ ಉದಾಹರಣೆಗಳೂ ಕಡಿಮೆಯಿಲ್ಲ.

ಜ್ವರ ಬಂದಾಗ ಮನೆಯಲ್ಲಿ

ಡಿಜಿಟಲ್ ಥರ್ಮಾಮೀಟರಿನಲ್ಲಿ ಬೆಳಿಗ್ಗೆ ಮತ್ತು ಸಂಜೆ, ಪ್ಯಾರಸಿಟಮಾಲ್ ನುಂಗುವ ಮೊದಲು, ಜ್ವರ ನೋಡಿ ಹೊತ್ತಿನ ಸಮೇತ ಬರೆದಿಡಿ. ಕೃತಕ ವಾಲ್ವ್ ಇದ್ದು 100.4 ಡಿಗ್ರಿ ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ವಂತ ಕವಾಟವೇ ಕೆಟ್ಟಿದ್ದವರಿಗೆ ನೆಗಡಿ, ಕೆಮ್ಮು, ಉರಿಮೂತ್ರ ಇಂಥ ಯಾವ ಕಾರಣವೂ ಕಾಣದ ಜ್ವರ ಎರಡು ಮೂರು ದಿನ ನಿಂತರೆ ಹೊರಡಿ. ಸ್ಟ್ಯಾಫ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದರೆ ಚಳಿ ನಡುಕದ ಜ್ವರ ದಿನಗಳಲ್ಲೇ ಮನುಷ್ಯನನ್ನು ಮಲಗಿಸುತ್ತದೆ. ಬಾಯಿಯ ಸ್ಟ್ರೆಪ್ಟೋಕಾಕಸ್ ಹಾಗಲ್ಲ, ಅದರದು ಕಳ್ಳ ಹೆಜ್ಜೆ: ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ಬೆನ್ನು ಕೀಲು ನೋವು, ವಾರಗಟ್ಟಲೆ ಸುಸ್ತು.

ಹಗಲು ಬೆಳಕಿನಲ್ಲಿ ಕೈಕಾಲು ನೋಡಿ. ಉಗುರಿನಡಿ ಕಡುಗೆಂಪು ಗೀರು, ಬೆರಳ ತುದಿಯಲ್ಲಿ ಒತ್ತಿದರೆ ನೋಯುವ ಸಣ್ಣ ಗಂಟು, ಅಂಗೈ ಅಂಗಾಲಿನಲ್ಲಿ ನೋಯದ ಕೆಂಪು ಕಲೆ, ಕಣ್ಣಿನ ಕೆಳರೆಪ್ಪೆಯೊಳಗೆ ರಕ್ತದ ಚುಕ್ಕೆ ಕಂಡರೆ ಫೋಟೋ ತೆಗೆದಿಡಿ, ಕೆಲವು ದಿನಗಳಲ್ಲಿ ಮಾಯವಾಗಬಹುದು. ಇವು ಇಲ್ಲ ಎಂದು ಸೋಂಕಿಲ್ಲ ಅನ್ನಲಾಗದು. ಹೆಚ್ಚಿನ ರೋಗಿಗಳಲ್ಲಿ ಇವು ಇರುವುದೇ ಇಲ್ಲ.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಮೆಡಿಕಲ್ ಅಂಗಡಿಯವರು ಕೊಟ್ಟರೂ ಬೇಡ. ಈಗಾಗಲೇ ನುಂಗಿದ್ದರೆ ಬಚ್ಚಿಡದೆ ಪಟ್ಟಿ ಸಮೇತ ತೋರಿಸಿ, ಯಾವುದು ಎಷ್ಟು ದಿನ ಎನ್ನುವುದು ವೈದ್ಯರಿಗೆ ಬಹಳ ಮುಖ್ಯ. ಡಾಕ್ಟರ ಮುಂದೆ ಕೂತ ತಕ್ಷಣ ಹೇಳಬೇಕಾದ ಮಾತು ಒಂದೇ: "ನನಗೆ ವಾಲ್ವ್ ತೊಂದರೆ ಇದೆ, ಔಷಧಕ್ಕೆ ಮೊದಲು ಬ್ಲಡ್ ಕಲ್ಚರ್ ತೆಗೆಯಬಹುದೇ?" ಬ್ಲಡ್ ಕಲ್ಚರ್ ಎಂದರೆ ರಕ್ತವನ್ನು ಬಾಟಲಿಗೆ ಹಾಕಿ, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ.

ಬ್ಲಡ್ ಕಲ್ಚರ್ ತೆಗೆಯುವ ಕ್ರಮ

ಇಡೀ ಚಿಕಿತ್ಸೆ ನಿಲ್ಲುವುದು ಈ ಅರ್ಧ ಗಂಟೆ, ಒಂದು ಗಂಟೆಯ ಕೆಲಸದ ಮೇಲೆ, ಅದಕ್ಕೇ ವಿವರವಾಗಿ ಹೇಳಬೇಕು.

ಮೂರು ಸಲ, ಮೂರು ಬೇರೆ ಬೇರೆ ಚುಚ್ಚಿನಿಂದ, ನಡುವೆ ಸುಮಾರು ಅರ್ಧ ಗಂಟೆ ಬಿಟ್ಟು ರಕ್ತ ತೆಗೆಯಬೇಕು. ಜ್ವರ ಏರುವ ಹೊತ್ತಿಗೆ ಕಾಯಬೇಕಿಲ್ಲ, ಈ ರೋಗದಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ಸತತವಾಗಿ ಉದುರುತ್ತಲೇ ಇರುತ್ತವೆ. ಮೂರು ಏಕೆಂದರೆ, ಒಂದೇ ಬಾಟಲಿಯಲ್ಲಿ ಚರ್ಮದ ಸ್ಟ್ಯಾಫ್ ಬೆಳೆದರೆ ಅದು ಸೂಜಿಗೆ ಅಂಟಿ ಬಂದದ್ದೋ ಕವಾಟದ್ದೋ ಹೇಳಲಾಗುವುದಿಲ್ಲ. ಬೇರೆ ಬೇರೆ ಚುಚ್ಚಿನ ಎರಡು ಮೂರು ಬಾಟಲಿಗಳಲ್ಲಿ ಅದೇ ಬೆಳೆದರೆ, ಅದರಲ್ಲೂ ಕೃತಕ ವಾಲ್ವ್ ಇದ್ದವರಲ್ಲಿ, ಸಂಶಯ ಉಳಿಯುವುದಿಲ್ಲ.

ಪಟ್ಟಿ ಕಟ್ಟಿ ನರ ಮೊದಲೇ ಗುರುತಿಸಿಕೊಳ್ಳಿ. ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್‌ನಿಂದ ಅರ್ಧ ನಿಮಿಷ ಉಜ್ಜಿ, ಆಮೇಲೆ ತಾನಾಗಿ ಒಣಗಲು ಬಿಡಿ. ಊದಿ ಒಣಗಿಸಬಾರದು. ಒಣಗಿದ ಮೇಲೆ ಮತ್ತೆ ಬೆರಳಿಟ್ಟು ನರ ಹುಡುಕಬಾರದು. ಕಲ್ಚರ್ ಕೆಡುವುದು ಹೆಚ್ಚಾಗಿ ಆ ಒಂದು ಬೆರಳಿನಿಂದ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕೆಳಗಿನ ರಬ್ಬರ್ ಶುದ್ಧವಾಗಿಯೇ ಇದೆ ಎಂದುಕೊಳ್ಳಬೇಡಿ, ಅದನ್ನೂ ಸ್ಪಿರಿಟ್ಟಿನಿಂದ ಒರೆಸಿ. ಹಿಂದೆ ಹಾಕಿಟ್ಟ ಕ್ಯಾನುಲಾದಿಂದ ಕಲ್ಚರಿಗೆ ರಕ್ತ ಎಳೆಯಬಾರದು.

ವಯಸ್ಕರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು. 2 ಎಂಎಲ್ ಹಾಕಿ ಕಳಿಸಿದ ಬಾಟಲಿ ನೆಗೆಟಿವ್ ಬಂದರೆ ಆಶ್ಚರ್ಯವಿಲ್ಲ, ಈ ಸೋಂಕಿನಲ್ಲಿ ಒಂದು ಎಂಎಲ್ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆರಳೆಣಿಕೆಯಷ್ಟೇ ಇರಬಹುದು. ಮಕ್ಕಳಿಗೆ ಪ್ರಮಾಣ ತೂಕದ ಮೇಲೆ, ಬಾಟಲಿಯೂ ಬೇರೆ. ಬೇರೆ ಪರೀಕ್ಷೆಗಳಿಗೂ ರಕ್ತ ಬೇಕಿದ್ದರೆ ಕಲ್ಚರ್ ಬಾಟಲಿ ಮೊದಲು ತುಂಬಿಸಿ. ಪ್ರತಿ ಬಾಟಲಿಯ ಮೇಲೆ ಹೆಸರು, ಹೊತ್ತು, ಎಡಗೈಯೋ ಬಲಗೈಯೋ ಬರೆಯಿರಿ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ಸಾಮಾನ್ಯ ಕೋಣೆಯ ಬಿಸಿಯಲ್ಲೇ ಇಟ್ಟು ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಚೀಟಿಯಲ್ಲಿ "ಎಂಡೋಕಾರ್ಡೈಟಿಸ್ ಸಂಶಯ" ಎಂದು ಬರೆದರೆ ಲ್ಯಾಬಿನವರು ಎಂಐಸಿ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ, ಅಳೆದು ಕೊಡುತ್ತಾರೆ. ಬರೀ "ಸೆನ್ಸಿಟಿವ್" ಎಂಬ ಪದ ಸಾಲದು. ಪೆನಿಸಿಲಿನ್ನಿನ ಎಂಐಸಿ 0.125ರ ಒಳಗಿದೆಯೋ ಮೇಲಿದೆಯೋ ಎಂಬುದರ ಮೇಲೆ ಡೋಸೂ ದಿನಗಳೂ ಬದಲಾಗುತ್ತವೆ.

ರೋಗಿಯ ಬಿಪಿ ಬಿದ್ದು ಸ್ಥಿತಿ ಕೆಟ್ಟಿದ್ದರೆ ಅರ್ಧ ಗಂಟೆಯ ಅಂತರ ಮರೆತು, ಎರಡು ಮೂರು ಕಡೆ ನಿಮಿಷಗಳಲ್ಲೇ ರಕ್ತ ತೆಗೆದು ತಕ್ಷಣ ಔಷಧ ಹಾಕಬೇಕು. ವಾರಗಳಿಂದ ಸಣ್ಣ ಜ್ವರವಿದ್ದು, ಮಾತ್ರೆ ನುಂಗಿಕೊಂಡೇ ಬಂದ, ಸ್ಥಿರವಾಗಿರುವ ರೋಗಿಯಲ್ಲಿ ಕ್ರಮ ಉಲ್ಟಾ. ಆಸ್ಪತ್ರೆಯಲ್ಲಿಟ್ಟು, ಎರಡು ಮೂರು ದಿನ ಔಷಧ ತಡೆದು, ಮತ್ತೆ ಕಲ್ಚರ್ ತೆಗೆಯುವುದುಂಟು. "ಅಡ್ಮಿಟ್ ಮಾಡಿಕೊಂಡೂ ಏನೂ ಕೊಡುತ್ತಿಲ್ಲ" ಎಂದು ಮನೆಯವರು ಜಗಳಕ್ಕೆ ನಿಲ್ಲುವುದು ಇಲ್ಲೇ. ಅದು ಅಸಡ್ಡೆಯಲ್ಲ.

ಏನೂ ಬೆಳೆಯದಿದ್ದರೆ ದನಕರುವಿನ ವಿಷಯ ಹೇಳಿ. ಕಾಯಿಸದ ಹಾಲು ಕುಡಿದಿದ್ದರೆ, ಹಸು ಕಂದು ಹಾಕಿದಾಗ ಅಥವಾ ಕರು ಹಾಕಿದಾಗ ಮಾಸು ಬರಿಗೈಯಲ್ಲಿ ಎತ್ತಿದ್ದರೆ, ಬ್ರುಸೆಲ್ಲಾ ಅಥವಾ ಕ್ಯೂ ಜ್ವರದ ಕಾಕ್ಸಿಯೆಲ್ಲಾ ಇರಬಹುದು. ಕಾಕ್ಸಿಯೆಲ್ಲಾ ಸಾಮಾನ್ಯ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ, ಅದನ್ನು ಹಿಡಿಯಲು ರಕ್ತದ ಆಂಟಿಬಾಡಿ ಪರೀಕ್ಷೆ ಬೇಕು. ಇವುಗಳ ಚಿಕಿತ್ಸೆ ವಾರಗಳಲ್ಲಿ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಎಕೋ

ಎಕೋ ಎಂದರೆ ಹೃದಯದ ಅಲ್ಟ್ರಾಸೌಂಡ್. ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋದಲ್ಲಿ ಸ್ವಂತ ಕವಾಟದ ಗಡ್ಡೆ ಸುಮಾರು 70% ಜನರಲ್ಲಿ ಕಾಣುತ್ತದೆ, ಕೃತಕ ವಾಲ್ವಿನಲ್ಲಿ ಅರ್ಧದಷ್ಟು ಮಾತ್ರ, ಏಕೆಂದರೆ ಲೋಹದ ನೆರಳು ಅಡ್ಡ ಬರುತ್ತದೆ. ಅನ್ನನಾಳಕ್ಕೆ ಕೊಳವೆ ಇಳಿಸಿ ಹಿಂದಿನಿಂದ ನೋಡುವ ಟಿಇಇ ಎಕೋ ಇದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಸುಮಾರು ಆರು ಗಂಟೆ ಏನೂ ತಿನ್ನದೆ ಬರಬೇಕು. ಮೊದಲ ಎಕೋ ಸರಿಯಿದ್ದೂ ಸಂಶಯ ಬಲವಾಗಿದ್ದರೆ ಐದರಿಂದ ಏಳು ದಿನದಲ್ಲಿ ಮತ್ತೊಮ್ಮೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಟಿಇಇ ಸಿಗುವುದು ಅಪರೂಪ. ಕೃತಕ ವಾಲ್ವ್ ಇದ್ದವರು ಮೊದಲೇ ಹೃದಯ ಶಸ್ತ್ರಚಿಕಿತ್ಸೆಯ ವ್ಯವಸ್ಥೆಯಿರುವ ಕಡೆಗೆ ಹೋಗುವುದು ಒಳ್ಳೆಯದು. ಸರ್ಕಾರಿ ವಲಯದಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ.

ಔಷಧ ಮತ್ತು ದಿನಗಳ ಲೆಕ್ಕ

ಬಾಯಿಯ ಸ್ಟ್ರೆಪ್ಟೋಕಾಕಸ್ ಪೆನಿಸಿಲಿನ್ನಿಗೆ ಪೂರ್ತಿ ಬಗ್ಗುವಂಥದ್ದಾದರೆ ಕ್ರಿಸ್ಟಲೈನ್ ಪೆನಿಸಿಲಿನ್ ದಿನಕ್ಕೆ 120ರಿಂದ 180 ಲಕ್ಷ ಯೂನಿಟ್, ನಾಲ್ಕು ಗಂಟೆಗೊಮ್ಮೆ ಹಂಚಿ, ಅಥವಾ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ದಿನಕ್ಕೊಮ್ಮೆ. ಎರಡರಲ್ಲಿ ಯಾವುದಾದರೂ ನಾಲ್ಕು ವಾರ, ಕೃತಕ ವಾಲ್ವಿಗೆ ಆರು ವಾರ. ಕರುಳಿನ ಬ್ಯಾಕ್ಟೀರಿಯಾ ಎಂಟರೋಕಾಕಸ್ ಫೀಕಾಲಿಸ್‌ಗೆ ಆಂಪಿಸಿಲಿನ್ 2 ಗ್ರಾಂ ನಾಲ್ಕು ಗಂಟೆಗೊಮ್ಮೆ, ಜೊತೆಗೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ ಹನ್ನೆರಡು ಗಂಟೆಗೊಮ್ಮೆ, ಆರು ವಾರ. ಸೆಫ್ಟ್ರಿಯಾಕ್ಸೋನ್ ಒಂದೇ ಆದರೆ ಎಂಟರೋಕಾಕಸ್ ಮೇಲೆ ಕೆಲಸ ಮಾಡುವುದಿಲ್ಲ. ಹೆಸರು ತಿಳಿಯದೆ ಕೊಟ್ಟ ಔಷಧ ಸೋಲುವುದಕ್ಕೆ ಇದೊಂದೇ ಉದಾಹರಣೆ ಸಾಕು. ಸಾಮಾನ್ಯ ಸ್ಟ್ಯಾಫ್ ಆರಿಯಸ್‌ಗೆ ಕ್ಲಾಕ್ಸಾಸಿಲಿನ್ ದಿನಕ್ಕೆ 12 ಗ್ರಾಂ ಅಥವಾ ಸೆಫಾಜೋಲಿನ್ ದಿನಕ್ಕೆ 6 ಗ್ರಾಂ, ನಾಲ್ಕರಿಂದ ಆರು ವಾರ. ಈ ಔಷಧಗಳಿಗೆ ಬಗ್ಗದ ಸ್ಟ್ಯಾಫ್, ಅಂದರೆ ಎಂಆರ್‌ಎಸ್‌ಎ ಆದರೆ ವ್ಯಾಂಕೋಮೈಸಿನ್ ಅಥವಾ ಡ್ಯಾಪ್ಟೋಮೈಸಿನ್. ಕೃತಕ ವಾಲ್ವಿನ ಸ್ಟ್ಯಾಫ್‌ಗೆ ಇವುಗಳ ಜೊತೆ ರಿಫಾಂಪಿಸಿನ್, ಮೊದಲ ಎರಡು ವಾರ ಜೆಂಟಾಮೈಸಿನ್, ಒಟ್ಟು ಆರು ವಾರ ಅಥವಾ ಹೆಚ್ಚು.

ದಿನ ಎಣಿಸುವುದು ಔಷಧ ಶುರುವಾದ ದಿನದಿಂದಲ್ಲ. ಔಷಧ ಶುರುವಾದ ಮೇಲೂ ಒಂದು ಎರಡು ದಿನಕ್ಕೊಮ್ಮೆ ಕಲ್ಚರ್ ತೆಗೆಯುತ್ತಾರೆ, ಮೊದಲ ಬಾರಿಗೆ ಏನೂ ಬೆಳೆಯದ ರಕ್ತ ಯಾವ ದಿನದ್ದೋ ಅದು ಒಂದನೆಯ ದಿನ. ಔಷಧ 1ನೇ ತಾರೀಕು ಶುರುವಾಗಿ, 5ನೇ ತಾರೀಕಿನ ರಕ್ತ ಸ್ವಚ್ಛವಾಗಿದ್ದರೆ ಆರು ವಾರ 5ರಿಂದ. ಆಪರೇಷನ್ ಮಾಡಿ ತೆಗೆದ ಕವಾಟದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಲೆಕ್ಕ ಆಪರೇಷನ್ ದಿನದಿಂದ ಹೊಸದಾಗಿ ಶುರು. ಕೇಸ್ ಶೀಟಿನಲ್ಲಿ ಈ ತಾರೀಕು ಯಾವುದು ಎಂದು ಕೇಳಿ ನೀವೂ ಒಂದು ಕಡೆ ಬರೆದಿಟ್ಟುಕೊಳ್ಳಿ, ಆಸ್ಪತ್ರೆ ಬದಲಾದಾಗ ಮೊದಲು ಕಳೆದುಹೋಗುವುದು ಇದೇ.

ಔಷಧಗಳು ತರುವ ತೊಂದರೆಗಳೂ ಗೊತ್ತಿರಲಿ. ವ್ಯಾಂಕೋಮೈಸಿನ್ 1 ಗ್ರಾಂ ಹೋಗಲು ಕಡೇಪಕ್ಷ ಒಂದು ಗಂಟೆ ಬೇಕು. ಡ್ರಿಪ್ಪಿನ ಚಕ್ರ ತಿರುಗಿಸಿ ಬೇಗ ಮುಗಿಸಿದರೆ ಮುಖ ಕುತ್ತಿಗೆ ಕೆಂಪಾಗಿ ತುರಿಸುತ್ತದೆ, ಬಿಪಿ ಬೀಳಬಹುದು. ಜೆಂಟಾಮೈಸಿನ್ ಕಿಡ್ನಿಗೂ ಕಿವಿಗೂ ಪೆಟ್ಟು, ಹಾಗಾಗಿ ವಾರಕ್ಕೆ ಎರಡು ಸಲವಾದರೂ ಕ್ರಿಯಾಟಿನಿನ್ ನೋಡಬೇಕು. ಕಿವಿಯಲ್ಲಿ ಗುಂಯ್‌ಗುಡುವುದು, ನಡೆಯುವಾಗ ತೂರಾಡುವುದು ಕಂಡರೆ ಆ ದಿನವೇ ಹೇಳಿ, ಕಿವಿಗೆ ಆದ ಹಾನಿ ವಾಪಸಾಗದೆ ಉಳಿಯಬಹುದು. ಇದರ ಜೊತೆ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ಬೇಡ. ರಿಫಾಂಪಿಸಿನ್ನಿಗೆ ಮೂತ್ರ ಕಿತ್ತಳೆ ಬಣ್ಣವಾಗುವುದು ಸಹಜ, ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಅದು ರಕ್ತ ಹೆಪ್ಪುಗಟ್ಟದಂತೆ ನುಂಗುವ ಅಸಿಟ್ರೋಮ್, ವಾರ್ಫರಿನ್‌ಗಳ ಬಲ ಕುಂದಿಸುವುದಕ್ಕೆ. ರಕ್ತ ಹೆಪ್ಪುಗಟ್ಟುವ ಹೊತ್ತನ್ನು ತೋರಿಸುವ ಐಎನ್‌ಆರ್ ಇಳಿದು ವಾಲ್ವಿನಲ್ಲಿ ಹೆಪ್ಪು ಕಟ್ಟಬಹುದು. ರಿಫಾಂಪಿಸಿನ್ ನಿಲ್ಲಿಸಿದ ಕೆಲವು ವಾರಗಳಲ್ಲಿ ಅದೇ ಐಎನ್‌ಆರ್ ಏರಿ ರಕ್ತಸ್ರಾವವೂ ಆಗಬಹುದು. ಶುರುಮಾಡುವಾಗಲೂ ನಿಲ್ಲಿಸುವಾಗಲೂ ಪರೀಕ್ಷೆ ಪದೇ ಪದೇ ಬೇಕು.

ಕೈಯ ಕ್ಯಾನುಲಾ ದಿನಾ ನೋಡಿ. ಕೆಂಪಾಗಿ, ಬಿಸಿಯಾಗಿ, ನರ ಹಗ್ಗದ ಹಾಗೆ ಗಟ್ಟಿಯಾದರೆ ತೆಗೆಸಬೇಕು. ಸ್ಟ್ಯಾಫ್ ಒಳಹೋಗುವ ಬಾಗಿಲೇ ಅದು. ಆರು ವಾರದ ಚಿಕಿತ್ಸೆಗೆ ತೋಳಿನಿಂದ ಹಾಕುವ ಉದ್ದನೆಯ ತೆಳು ಕೊಳವೆ, ಪಿಕ್ ಲೈನ್, ಅನುಕೂಲ.

ಮೊದಲ ಎರಡು ವಾರ ಆಸ್ಪತ್ರೆಯಲ್ಲೇ ಇರಬೇಕು, ಗಡ್ಡೆ ಚೂರಾಗಿ ಹಾರುವುದು ಹೆಚ್ಚಾಗಿ ಆಗಲೇ. ಆಮೇಲೆ ಸ್ಥಿರವಾಗಿದ್ದು, ದಿನಕ್ಕೊಮ್ಮೆ ಸೆಫ್ಟ್ರಿಯಾಕ್ಸೋನ್ ಸಾಕಾಗುವ ರೋಗಿ, ವೈದ್ಯರ ಚೀಟಿಯೊಂದಿಗೆ ಹತ್ತಿರದ ಆಸ್ಪತ್ರೆಯಲ್ಲಿ ಉಳಿದ ದಿನ ಪೂರೈಸಬಹುದು. ಮಾತ್ರೆಗೆ ಬದಲಾಯಿಸುವುದೂ ಸಾಧ್ಯವಾಗಿದೆ: ಡೆನ್ಮಾರ್ಕಿನಲ್ಲಿ 400 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪೋಯೆಟ್ ಅಧ್ಯಯನದಲ್ಲಿ, ಕನಿಷ್ಠ ಹತ್ತು ದಿನ ಇಂಜೆಕ್ಷನ್ ಆಗಿ ಸ್ಥಿರವಾದವರಿಗೆ ಎರಡೆರಡು ಬಗೆಯ ಮಾತ್ರೆ ಕೊಟ್ಟರೂ ಫಲಿತಾಂಶ ಕಡಿಮೆಯಾಗಲಿಲ್ಲ. ಆದರೆ ಅವರನ್ನು ಆಯ್ದದ್ದು ಬಹಳ ಜರಡಿ ಹಿಡಿದು, ಮತ್ತೆ ಟಿಇಇ ಮಾಡಿ ನೋಡಿ. ಮನೆಗೆ ಹೋಗುವ ಆತುರಕ್ಕೆ ಇದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಆಪರೇಷನ್ ಯಾವಾಗ

ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹರಿದ ಕವಾಟವನ್ನು ಹೊಲಿಯುವುದಿಲ್ಲ. ಕವಾಟ ಸೋರಿ ಉಸಿರು ಕಟ್ಟುತ್ತಿದ್ದರೆ, ಸರಿಯಾದ ಔಷಧ ನಡೆದೂ ವಾರದ ಹೊತ್ತಿಗೆ ಕಲ್ಚರ್ ಪಾಸಿಟಿವ್ ಆಗಿಯೇ ಇದ್ದರೆ, ಕವಾಟದ ಬುಡದಲ್ಲಿ ಕೀವು ಕಟ್ಟಿದರೆ, ಶಿಲೀಂಧ್ರದ ಸೋಂಕಾಗಿದ್ದರೆ, ಒಮ್ಮೆ ಚೂರು ಹಾರಿಯೂ 10 ಮಿಲಿಮೀಟರಿಗಿಂತ ದೊಡ್ಡ ಗಡ್ಡೆ ಉಳಿದಿದ್ದರೆ, ಆರು ವಾರ ಮುಗಿಯಲಿ ಎಂದು ಕಾಯುವುದು ತಪ್ಪು. "ಸೋಂಕು ಇರುವಾಗ ಕೊಯ್ಯಬಾರದು" ಎಂಬ ಮಾತು ಇಲ್ಲಿ ಸಲ್ಲದು. ಮಹಾಪಧಮನಿಯ ಕವಾಟದ ಸೋಂಕಿನಲ್ಲಿ ದಿನಾ ಇಸಿಜಿ ತೆಗೆಯುವುದು ಸುಮ್ಮನೆ ಅಲ್ಲ. ಅದರಲ್ಲಿ ಪಿಆರ್ ಅಂತರ, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಲುಪುವ ಹೊತ್ತು, ಉದ್ದವಾಗುತ್ತ ಬಂದರೆ ಕೀವು ಹೃದಯದ ವಿದ್ಯುತ್ ತಂತಿಯ ಕಡೆಗೆ ಹಬ್ಬುತ್ತಿದೆ ಎಂದು ಅರ್ಥ.

ಬಾಯಿ ವಾಲಿದರೆ, ಕೈ ಬಿದ್ದರೆ

ಗಡ್ಡೆಯ ಚೂರು ಮೆದುಳಿಗೆ ಹೋದರೆ ಲಕ್ವ, ಗುಲ್ಮಕ್ಕೆ ಹೋದರೆ ಎಡ ಪಕ್ಕೆಲುಬಿನ ಕೆಳಗೆ ಕಡುನೋವು, ಕಾಲಿಗೆ ಹೋದರೆ ಕಾಲು ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ. ಲಕ್ವ ಹೊಡೆದವರನ್ನು ಎಮರ್ಜೆನ್ಸಿಗೆ ಒಯ್ದಾಗ "ವಾಲ್ವ್ ಇದೆ, ಜ್ವರ ಇತ್ತು" ಎಂದು ಬಾಗಿಲಲ್ಲೇ ಹೇಳಿ. ಸಾಮಾನ್ಯ ಲಕ್ವಕ್ಕೆ ಮೊದಲ ಗಂಟೆಗಳಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಈ ಸೋಂಕಿನವರಿಗೆ ಅದನ್ನು ಕೊಟ್ಟರೆ ಮೆದುಳಿನಲ್ಲಿ ರಕ್ತ ಒಡೆಯುವ ಅಪಾಯ ದೊಡ್ಡದು. ಅಸಿಟ್ರೋಮನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂಬೇಡಿ, ಸ್ಕ್ಯಾನ್ ನೋಡಿ ಅದನ್ನು ತೀರ್ಮಾನಿಸುವವರು ವೈದ್ಯರು. ಅಸಿಟ್ರೋಮ್ ತೆಗೆದುಕೊಳ್ಳುವವರಿಗೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿದರೆ ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳಬಹುದು.

ಮುಗಿದ ಮೇಲೆ: ಜ್ವರ ಮತ್ತು ಹಲ್ಲು

ಔಷಧ ಮುಗಿದಾಗ ಒಂದು ಎಕೋ ಮಾಡಿಸಿ ಇಟ್ಟುಕೊಳ್ಳಿ, ಮುಂದಿನ ಹೋಲಿಕೆಗೆ ಅದೇ ಅಳತೆ. ಮೊದಲ ವರ್ಷ 1, 3, 6, 12ನೇ ತಿಂಗಳಲ್ಲಿ ತೋರಿಸಿ. ನಡುವೆ ಜ್ವರ ಬಂದರೆ ಮತ್ತೆ ಅದೇ ಕ್ರಮ: ಮೊದಲು ಕಲ್ಚರ್. ಸ್ಟ್ರೆಪ್ಟೋಕಾಕಸ್ ಗ್ಯಾಲೋಲಿಟಿಕಸ್ ಬೆಳೆದಿತ್ತು ಎಂದಾದರೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಿ. ಈ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಗಡ್ಡೆ, ಕ್ಯಾನ್ಸರ್‌ಗಳ ಜೊತೆ ಕಾಣಿಸಿಕೊಳ್ಳುತ್ತದೆ.

ಅಸಿಟ್ರೋಮ್ ನುಂಗುವ ಹಲವರು ಒಸಡಿನಲ್ಲಿ ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನೇ ಕಡಿಮೆ ಮಾಡುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಉಜ್ಜದ ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಒಸಡು ಊದಿಕೊಂಡೇ ರಕ್ತ ಬರುವುದು, ಆಗ ಅನ್ನ ಅಗಿದಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ಮೆತ್ತನೆಯ ಬ್ರಷ್ಷಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಿ. ಇದ್ದಿಲು, ಇಟ್ಟಿಗೆ ಪುಡಿ ಬಿಡಿ, ಪಿನ್ನಿನಿಂದ ಹಲ್ಲುಸಂದಿ ಕೆದಕಬೇಡಿ, ಗುಟ್ಕಾ ಬೇಡ. ಆರು ತಿಂಗಳಿಗೊಮ್ಮೆ ದಂತವೈದ್ಯರ ಬಳಿ ಹೋಗಿ.

ಹಲ್ಲು ಕೀಳಿಸುವುದು, ಒಸಡಿನ ಕೆಳಗೆ ಕ್ಲೀನಿಂಗ್, ಬೇರಿನ ತುದಿಯ ಚಿಕಿತ್ಸೆ ಇದ್ದರೆ, ಕೃತಕ ವಾಲ್ವ್ ಇರುವವರು, ಹಿಂದೆ ಈ ಸೋಂಕು ಬಂದಿದ್ದವರು, ಮೈ ನೀಲಿಗಟ್ಟುವ ಹುಟ್ಟು ಹೃದ್ರೋಗ ಸರಿಪಡಿಸದೆ ಉಳಿದವರು ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲ ನುಂಗಬೇಕು, ಅಂದರೆ 500 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್. ಮಕ್ಕಳಿಗೆ ಕಿಲೋ ತೂಕಕ್ಕೆ 50 ಮಿಲಿಗ್ರಾಂ. ಪೆನಿಸಿಲಿನ್ ಅಲರ್ಜಿ ಇರುವ ವಯಸ್ಕರಿಗೆ ಅಜಿತ್ರೋಮೈಸಿನ್ 500 ಮಿಲಿಗ್ರಾಂ ಅಥವಾ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಮುಂಚಿನ ಹಾಗೆ ಕ್ಲಿಂಡಾಮೈಸಿನ್ ಈಗ ಹೇಳುವುದಿಲ್ಲ. ಎಕ್ಸ್‌ರೇ, ಹಾಲುಹಲ್ಲು ಉದುರುವುದು, ಕ್ಲಿಪ್ ಬಿಗಿ ಮಾಡಿಸುವುದು ಇವಕ್ಕೆ ಬೇಡ. ರುಮ್ಯಾಟಿಕ್ ಕವಾಟವಷ್ಟೇ ಇರುವವರನ್ನು ಈ ಪಟ್ಟಿಗೆ ಸೇರಿಸುವ ವಿಚಾರದಲ್ಲಿ ದೇಶದಿಂದ ದೇಶಕ್ಕೆ ಭಿನ್ನಮತವಿದೆ, ನಿಮ್ಮ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ 12 ಲಕ್ಷ ಯೂನಿಟ್ ಹಾಕಿಸಿಕೊಳ್ಳುವವರು ಹಲ್ಲಿಗೂ ಅದೇ ಕಾವಲು ಎಂದುಕೊಳ್ಳುತ್ತಾರೆ. ಅಲ್ಲ. ಆ ಇಂಜೆಕ್ಷನ್ ಗಂಟಲಿನ ಸ್ಟ್ರೆಪ್ಟೋಕಾಕಸ್ ತಡೆದು ರುಮ್ಯಾಟಿಕ್ ಜ್ವರ ಮರುಕಳಿಸದಂತೆ ನೋಡಿಕೊಳ್ಳುತ್ತದೆ, ಕವಾಟದ ಸೋಂಕು ತಡೆಯುವಷ್ಟು ಔಷಧ ಅದರಿಂದ ರಕ್ತದಲ್ಲಿ ಸಿಗುವುದಿಲ್ಲ. ಮೇಲಾಗಿ ವರ್ಷಗಟ್ಟಲೆ ಪೆನಿಸಿಲಿನ್ ಕಂಡ ಬಾಯಿಯ ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ನಿಗೂ ಬಗ್ಗದಿರಬಹುದು, ಹಾಗಾಗಿ ಕೃತಕ ವಾಲ್ವ್ ಇದ್ದೂ ಪೆನಿಡ್ಯೂರ್ ನಡೆಯುತ್ತಿರುವವರಿಗೆ ಹಲ್ಲಿನ ಕೆಲಸದ ಮುಂಚೆ ಅಜಿತ್ರೋಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಪೆನಿಡ್ಯೂರ್ ಮಾತ್ರ ತನ್ನ ದಿನಕ್ಕೆ ತಪ್ಪದೆ ನಡೆಯಲಿ. ಹಲ್ಲಿನ ಕುರ್ಚಿಯಲ್ಲಿ ಕೂತ ಮೇಲೆ ಮಾತ್ರೆ ಮರೆತದ್ದು ನೆನಪಾದರೆ, ಕೆಲಸ ಮುಗಿದು ಎರಡು ಗಂಟೆಯೊಳಗೆ ನುಂಗಿದರೂ ಆದೀತು.